ಮೂಲಾ ನಕ್ಷತ್ರದ ಅಮೆರಿಕನ್

ನೈರೋಬಿಯ ಸೌತ್ ಸಿ ಬಡಾವಣೆಯಲ್ಲಿದ್ದ ಬದರೀನಾಥ ಒಬ್ಬ ಅಮೆರಿಕನ್ನನನ್ನು ಹುಟ್ಟಿಸಿದ, ಬೆಳೆಸಿದ, ಅವನಿಗೆ ಮೂರು ಮದುವೆ ಮಾಡಿಸಿದ, ಕೊನೆಗೆ ಕೈಯಾರೆ ಸಾಯಿಸಿದ. ಇಷ್ಟೆಲ್ಲವನ್ನೂ ಮಾಡಿದ್ದು ಕೆಮ್ಮಿನ ಸಿರಪ್ಪಿನ ಬಾಟಲಿಗಳಿಗೆ ಮುಚ್ಚಳ ಹಾಕಿಸುವ ಕೆಲಸದ ನಡುವೆ ಸಿಕ್ಕ ಬಿಡುವಿನಲ್ಲಿ. ಕೊಂದದ್ದಕ್ಕೆ ಅವನನ್ನು ಯಾರೂ ಹಿಡಿಯಲಿಲ್ಲ. ಕರೆದು ಶಾಲು ಹೊದಿಸಿದರು.

ಹುಟ್ಟಿದ್ದು ನಂಜನಗೂಡಿನಲ್ಲಿ. ಶಾಲೆಯ ನಾಟಕದಲ್ಲಿ ಅವನಿಗೆ ಸಿಕ್ಕಿದ್ದು ಮರದ ವೇಷ. ಮರವಾಗಿ ನಿಂತು ನಿಂತು ಉಳಿದವರ ಮಾತೆಲ್ಲ ಬಾಯಿಪಾಠವಾಗಿತ್ತು. ಪ್ರದರ್ಶನದ ದಿನ ರಾಜನಾಗಿದ್ದವನು ಮಾತು ಮರೆತು ಬೆವರಿದಾಗ, ಹಿಂದಿನಿಂದ ಮರವೇ ಮೆಲ್ಲಗೆ ಹೇಳಿಕೊಟ್ಟಿತು. ಅಂದೇ ಅವನ ಹಣೆಬರಹ ತೀರ್ಮಾನವಾಯಿತು. ಮೈಸೂರಿನ ಫಾರ್ಮಸಿ ಕಾಲೇಜಿನಲ್ಲಿ, ಆಮೇಲೆ ಕೆಲಸಕ್ಕೆಂದು ಬಂದ ನೈರೋಬಿಯಲ್ಲಿ, ಎಲ್ಲಿ ನಾಟಕವಾದರೂ ಬದರೀನಾಥ ಪರದೆಯ ಪಕ್ಕದಲ್ಲಿ ಹಾಳೆ ಹಿಡಿದು ನಿಂತು ಪ್ರಾಂಪ್ಟ್ ಮಾಡುವವನು. ಬೇರೆಯವರ ಮಾತನ್ನು ಬೇರೆಯವರಿಗೆ ಉಸುರುತ್ತಾ ಉಸುರುತ್ತಾ ಅವನಲ್ಲೇ ಮಾತು ತುಂಬಿಕೊಂಡು, ನಾಟಕ ಬರೆಯತೊಡಗಿದ. ಅವನಿಗೆ ಬೇಕಿದ್ದದ್ದು ಬಹಳ ಸಣ್ಣದು. ಇದು ನೀನು ಬರೆದದ್ದು ಎಂದು ಯಾರಾದರೂ ಒಬ್ಬರು ಹೇಳಬೇಕು, ಅಷ್ಟೆ.

ಎರಡು ಸಾವಿರದ ಒಂದರಲ್ಲಿ ರಾಜ್ಯೋತ್ಸವ ಹತ್ತಿರವಾದಾಗ ಧೈರ್ಯ ಮಾಡಿ ‘ಮೇರಿಗೊಂದು ಪಾತ್ರ’ ಎಂಬ ನಾಟಕವನ್ನು ಕನ್ನಡ ಕೂಟದ ಅಧ್ಯಕ್ಷ ದ್ವಾರಕಾನಾಥರ ಕೈಗಿಟ್ಟ. ಆಗಿನ್ನೂ ಅದರ ಹೆಸರು ‘ಸೀತೆಗೊಂದು ಪಾತ್ರ’. ದ್ವಾರಕಾನಾಥರು ಬೆಂಗಳೂರಿನಿಂದ ಟೆಲಿಕಾಂ ಕಂಪನಿ ಕಳಿಸಿದ ದೊಡ್ಡ ಅಧಿಕಾರಿ. ಕಾಲೇಜಿನಲ್ಲಿ ಒಮ್ಮೆ ದೂತನ ವೇಷ ಹಾಕಿದ್ದರಿಂದ ರಂಗಭೂಮಿ ತಮ್ಮ ರಕ್ತದಲ್ಲೇ ಇದೆಯೆಂದು ನಂಬಿದ್ದರು.

“ಬದ್ರಿ, ಇದು ನೀವೇ ಬರ್ದಿದ್ದಾ?”

“ಹೌದು ಸಾರ್.”

“ಚೆನ್ನಾಗಿರುತ್ತೆ, ಚೆನ್ನಾಗಿರುತ್ತೆ,” ಎಂದರು, ಹಾಳೆ ತಿರುಗಿಸದೆ. “ಆದ್ರೆ ಈ ಸಲ ಸ್ವಲ್ಪ ಇಂಟರ್‌ನ್ಯಾಷನಲ್ ಆಗಿ ಏನಾದ್ರೂ ಮಾಡೋಣ ಅಂತ ಕಮಿಟಿಯವರ ಆಸೆ. ನೀವು ಬ್ಯಾಕ್‌ಸ್ಟೇಜ್ ನೋಡ್ಕೊಂಬಿಡಿ. ನಿಮ್ಮಷ್ಟು ಚೆನ್ನಾಗಿ ಪ್ರಾಂಪ್ಟ್ ಮಾಡೋರು ಯಾರಿದ್ದಾರೆ ಹೇಳಿ?”

ಮರುದಿನ ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯಲ್ಲಿ ಬದರೀನಾಥ ಮುಚ್ಚಳದ ಮೆಷಿನ್ನಿನ ಮುಂದೆ ಮುಖ ಊದಿಸಿಕೊಂಡು ನಿಂತಿದ್ದ. ಮೆಷಿನ್ನಿನ ಹಿತ್ತಾಳೆ ತಗಡಿನ ಮೇಲೆ ‘ಬ್ರಾಡ್‌ವಿಕ್ ಅಂಡ್ ಸನ್ಸ್, ಓಹಾಯೋ’ ಎಂದಿತ್ತು. ಅದನ್ನು ಅವನು ದಿನಾ ನೋಡುತ್ತಿದ್ದ. ಅವತ್ತು ಮಾತ್ರ ಓದಿದ.

ಸಂಜೆ ಮನೆಗೆ ಬಂದು ನಾಟಕದ ರಾಜುವನ್ನು ಜಾನ್ ಮಾಡಿದ, ಸೀತೆಯನ್ನು ಮೇರಿ ಮಾಡಿದ, ಮಂಡ್ಯವನ್ನು ಅಳಿಸಿ ಓಹಾಯೋ ಎಂದು ಬರೆದ. ಅವರು ಮನೆಯಲ್ಲಿ ತಿನ್ನುವ ಉಪ್ಪಿಟ್ಟನ್ನು ಮಾತ್ರ ಹಾಗೇ ಬಿಟ್ಟ. ಹೊಸ ರಟ್ಟಿನ ಮೇಲೆ ದುಂಡಗಿನ ಅಕ್ಷರದಲ್ಲಿ, ‘ಮೂಲ: ಎಲ್ಮರ್ ಬ್ರಾಡ್‌ವಿಕ್, ಅಮೆರಿಕದ ಸುಪ್ರಸಿದ್ಧ ನಟ ಮತ್ತು ನಾಟಕಕಾರ. ಅನುವಾದ: ಬದರೀನಾಥ’ ಎಂದು ಬರೆದ. ದ್ವಾರಕಾನಾಥರು ಈ ಸಲ ನಾಟಕವನ್ನು ಒಂದೇ ಉಸಿರಿಗೆ ಓದಿ ಫೋನ್ ಮಾಡಿದರು. “ಏನ್ ಬರೀತಾನೆ ರೀ! ಇಂಥಾ ಥಿಂಕಿಂಗ್ ನಮ್ಮೋರಿಗೆ ಬರಲ್ಲ ಬಿಡಿ.”

ಪ್ರದರ್ಶನ ಮುಗಿದ ಮೇಲೆ ವೇದಿಕೆ ಹತ್ತಿ ನಿಜ ಹೇಳಿ ಎಲ್ಲರನ್ನೂ ನಗಿಸಬೇಕು ಎಂಬುದು ಅವನ ಯೋಜನೆ. ಅದಕ್ಕೆಂದು ಹೊಸ ಷರ್ಟನ್ನೂ ಹಾಕಿಕೊಂಡಿದ್ದ.

ನಾಟಕದ ಜೀವವೆಲ್ಲ ಎರಡನೇ ದೃಶ್ಯದಲ್ಲಿತ್ತು. ಜಾನ್ ನಾಟಕ ಆಡಿಸುವವನು. ಅವನ ಹೆಂಡತಿ ಮೇರಿಗೆ ವೇದಿಕೆ ಹತ್ತುವ ಆಸೆ. ಅಡುಗೆಮನೆಯಿಂದಲೇ “ಜಾನ್, ನನಗೊಂದು ಪಾತ್ರ ಕೊಡು” ಎಂದು ಕೂಗುತ್ತಾಳೆ. ಕುಕ್ಕರಿನ ಸೀಟಿಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡ ಜಾನ್ ಪೇಟೆಗೆ ಓಡಿ, ಒಂದು ದೊಡ್ಡ ಪಾತ್ರೆ ಹೊತ್ತು ತಂದು ಅವಳ ಮುಂದಿಡುತ್ತಾನೆ. “ಪಾತ್ರೆ ಅಲ್ಲ ಜಾನ್, ಪಾತ್ರ!” ಎಂದು ಮೇರಿ ಹಣೆ ಚಚ್ಚಿಕೊಳ್ಳುತ್ತಾಳೆ. ಮೇರಿಯಾಗಿದ್ದವರು ಅಧ್ಯಕ್ಷರ ಹೆಂಡತಿ ಭಾನುಮತಿ. ಜನ ಬಿದ್ದು ಬಿದ್ದು ನಕ್ಕರು. ಓಹಾಯೋದ ಗಂಡ ಹೆಂಡಿರಿಗೆ ಈ ಗೊಂದಲ ಯಾವ ಭಾಷೆಯಲ್ಲಿ ಆಯಿತಪ್ಪಾ ಎಂದು ಆ ಸಭೆಯಲ್ಲಿದ್ದ ಇಂಜಿನಿಯರುಗಳಲ್ಲಾಗಲಿ ಬ್ಯಾಂಕಿನವರಲ್ಲಾಗಲಿ ಒಬ್ಬರೂ ಕೇಳಲಿಲ್ಲ. ನಗದೆ ಕುಳಿತಿದ್ದವಳು ಒಬ್ಬಳೇ, ಬದರೀನಾಥನ ಹೆಂಡತಿ ರುಕ್ಮಿಣಿ. ಪರದೆಯ ಸಂದಿನಿಂದ ಅವಳನ್ನು ನೋಡಿದ ಬದರೀನಾಥ ಪಾಪ ತಲೆನೋವಿರಬೇಕು ಅಂದುಕೊಂಡ.

ಕೊನೆಗೆ ದ್ವಾರಕಾನಾಥರು ಮೈಕ್ ಹಿಡಿದು, ಅಮೆರಿಕದಂಥ ದೇಶದಲ್ಲಿ ಹುಟ್ಟಿದವರಿಗೆ ಮಾತ್ರ ಇಷ್ಟು ಆಳವಾಗಿ ನಗಿಸಲು ಸಾಧ್ಯ ಎಂದು ದೀರ್ಘವಾಗಿ ವಿವರಿಸಿದರು. ಆ ಭಾಷಣದ ಮೇಲೆ ಬಾಯಿ ಬಿಡುವುದು ಯಾರಿಂದ ಸಾಧ್ಯ? ಬದರೀನಾಥ ಹೊಸ ಷರ್ಟಿನಲ್ಲೇ ಕುರ್ಚಿಗಳನ್ನು ಜೋಡಿಸಿಟ್ಟು ಮನೆಗೆ ಹೋದ.

ಅಲ್ಲಿಂದ ಎಲ್ಮರ್ ಬ್ರಾಡ್‌ವಿಕ್ ವರ್ಷಕ್ಕೊಂದು ನಾಟಕ ಬರೆಯತೊಡಗಿದ. ಪ್ರತಿ ವರ್ಷ ಸ್ಮರಣ ಸಂಚಿಕೆಗೆ ಅವನ ಪರಿಚಯ ಬೇಕು, ಹೀಗಾಗಿ ಅವನ ಜೀವನವೂ ಬೆಳೆಯುತ್ತಾ ಹೋಯಿತು. ಅಪ್ಪ ಮುಚ್ಚಳದ ವ್ಯಾಪಾರಿ. ಬಾಲ್ಯದಲ್ಲಿ ಮರದ ವೇಷ. ಯೌವನದಲ್ಲಿ ನ್ಯೂಯಾರ್ಕಿನ ರಂಗಮಂದಿರಗಳಲ್ಲಿ ಹೆಣದ ವೇಷ. ಅವನಷ್ಟು ಚೆನ್ನಾಗಿ ಅಲುಗಾಡದೆ ಮಲಗುವ ನಟ ಅಮೆರಿಕದಲ್ಲೇ ಇರಲಿಲ್ಲವಂತೆ. ಮೊದಲನೇ ಹೆಂಡತಿಗೆ ನಾಟಕ ಆಗದು, ಎರಡನೆಯವಳಿಗೆ ನಾಟಕಕಾರ ಆಗದು. ಮೂರನೆಯವಳು ಡೊರೊತಿ. ‘ಬ್ರಾಡ್‌ವಿಕ್ ಅವರನ್ನು ನಿಜವಾಗಿ ಅರ್ಥ ಮಾಡಿಕೊಂಡವರು ಈಕೆಯೊಬ್ಬರೇ’ ಎಂದು ಬದರೀನಾಥ ಸಂಚಿಕೆಯಲ್ಲಿ ಬರೆದ. ಫೋಟೋ ಬೇಕೆಂದಾಗ ಮೆಷಿನ್ನಿನ ಕೈಪಿಡಿಯಲ್ಲಿ ಸ್ಪ್ಯಾನರ್ ಹಿಡಿದು ನಗುತ್ತಿದ್ದ ಮೀಸೆಯವನನ್ನು ಸ್ಪ್ಯಾನರ್ ಬಿಟ್ಟು ಕತ್ತರಿಸಿ ಕೊಟ್ಟ. ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿ ಏನೂ ಸಿಗದೆ ದ್ವಾರಕಾನಾಥರು ಒಮ್ಮೆ ವಿಚಾರಿಸಿದರು.

“ಅವ್ರಿಗೆ ಇಂಟರ್‌ನೆಟ್ ಕಂಡ್ರೆ ಆಗಲ್ಲ ಸಾರ್. ಎಲ್ಲಾದ್ರೂ ಹೆಸರು ಬಂದ್ರೆ ಲಾಯರ್ ಕೈಲಿ ತೆಗೆಸಿಬಿಡ್ತಾರೆ,” ಎಂದ ಬದರೀನಾಥ.

“ಅದು! ಅದೂ ಪರ್ಸನಾಲಿಟಿ ಅಂದ್ರೆ,” ಎಂದು ದ್ವಾರಕಾನಾಥರು ಅಲ್ಲೇ ಕೈ ಮುಗಿದರು.

ಎಡವಟ್ಟಾದದ್ದು ಎರಡು ಸಾವಿರದ ಆರರಲ್ಲಿ. ಕೂಟದ ದಶಮಾನೋತ್ಸವಕ್ಕೆ ಬ್ರಾಡ್‌ವಿಕ್ ಅವರೇ ಮುಖ್ಯ ಅತಿಥಿಯಾಗಿ ಬರಬೇಕು ಎಂದು ಕಮಿಟಿ ಒಮ್ಮತದಿಂದ ನಿರ್ಧರಿಸಿತು. ಅತಿಥಿಗಳು ಸಸ್ಯಾಹಾರಿಯೇ, ಕಾಫಿಗೆ ಸಕ್ಕರೆ ಎಷ್ಟು, ನೆಲದ ಮೇಲೆ ಎಲೆ ಹಾಕಿದರೆ ಕೂರುತ್ತಾರೆಯೇ ಎಂದು ಬದರೀನಾಥನ ಫೋನಿಗೆ ಬಿಡುವಿಲ್ಲದ ಕರೆಗಳು. ಬೇರೆ ದಾರಿ ಕಾಣದೆ ಅವನು ಬ್ರಾಡ್‌ವಿಕ್‌ನನ್ನು ಹಾಸಿಗೆ ಹಿಡಿಸಿದ. ಹುಷಾರಿಲ್ಲ, ವಿಮಾನ ಹತ್ತುವಂತಿಲ್ಲ ಎಂದ. ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದ. ಆದರೆ ಕೂಟದ ಹೆಂಗಸರು ಮೃತ್ಯುಂಜಯ ಹೋಮಕ್ಕೆ ಸಿದ್ಧತೆ ನಡೆಸಿದರು.

ಪುರೋಹಿತರು ಗೋವಿಂದ ಭಟ್ಟರು. ವಾರದ ದಿನಗಳಲ್ಲಿ ಪೇಂಟ್ ಕಂಪನಿಯ ಅಕೌಂಟೆಂಟ್, ಭಾನುವಾರ ಮಾತ್ರ ಭಟ್ಟರು. ಸೌತ್ ಬಿ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ ಹೊಗೆ ಏಳುತ್ತಿದ್ದಂತೆ ಅವರು ಕಣ್ಣುಜ್ಜಿಕೊಳ್ಳುತ್ತಾ ಸಂಕಲ್ಪಕ್ಕೆ ಗೋತ್ರ ಕೇಳಿದರು. ಗೋತ್ರ ಗೊತ್ತಿಲ್ಲದವರೆಲ್ಲ ಕಾಶ್ಯಪ ಗೋತ್ರದವರೇ ಎಂಬ ನಿಯಮದಂತೆ ಓಹಾಯೋದ ಬ್ರಾಡ್‌ವಿಕ್ ಕಾಶ್ಯಪ ಗೋತ್ರಕ್ಕೆ ಸೇರಿದ. ಮುಂದೆ ನಕ್ಷತ್ರ. ಎಲ್ಲರೂ ಬದರೀನಾಥನ ಮುಖ ನೋಡಿದರು. ಅವನು ತಡವರಿಸುವಷ್ಟರಲ್ಲಿ ಭಟ್ಟರ ಕಣ್ಣು ಗೋಡೆಯ ಮೇಲಿದ್ದ ಹಳೆಯ ನಾಟಕದ ಪೋಸ್ಟರಿನ ಮೇಲೆ ಬಿತ್ತು.

“ಓ, ಬರ್ದೇ ಇದೆಯಲ್ಲ ಮಾರಾಯ್ರೆ. ಮೂಲ, ಎಲ್ಮರ್ ಬ್ರಾಡ್‌ವಿಕ್.”

ಹಾಗೆ ಕಾಶ್ಯಪ ಗೋತ್ರೋದ್ಭವಸ್ಯ, ಮೂಲಾ ನಕ್ಷತ್ರೇ ಜಾತಸ್ಯ, ಎಲ್ಮರ್ ನಾಮಧೇಯಸ್ಯ ಆಯುರಾರೋಗ್ಯ ಅಭಿವೃದ್ಧ್ಯರ್ಥಂ ಹೋಮ ನಡೆದೇ ಹೋಯಿತು. ಮೂಲಾ ನಕ್ಷತ್ರದ ಗಂಡಸಿಗೆ ಮೂರು ಮದುವೆಯಾದದ್ದು ಆಶ್ಚರ್ಯವೇ ಅಲ್ಲ ಎಂದು ಭಾನುಮತಿ ಪಕ್ಕದವರಿಗೆ ಹೇಳಿದರು. ರುಕ್ಮಿಣಿ ತುಪ್ಪದ ಬಟ್ಟಲು ಹಿಡಿದು ಗಂಡನನ್ನೇ ನೋಡುತ್ತಿದ್ದಳು. ಹೊಗೆಗೆ ಅವಳ ಕಣ್ಣು ಕೆಂಪಾಗಿದೆ ಎಂದು ಬದರೀನಾಥ ತಿಳಿದ.

ಮರುದಿನವೇ ದ್ವಾರಕಾನಾಥರ ಫೋನ್. “ಹೋಮ ಆದ್ಮೇಲೆ ಇಂಪ್ರೂವ್‌ಮೆಂಟ್ ಇರ್ಬೇಕಲ್ಲ? ಟಿಕೆಟ್ ಬುಕ್ ಮಾಡ್ಲಾ?”

ಇನ್ನು ಉಳಿದದ್ದು ಒಂದೇ ದಾರಿ. ಬದರೀನಾಥ ಎರಡು ದಿನ ಊಟ ಬಿಟ್ಟು ಯೋಚಿಸಿದ. ಐದು ವರ್ಷ ಸಾಕಿದ ಜೀವ. ಕೊನೆಗೆ ನಗರದ ನಡುವೆ ಸಿಬಿಡಿಯಲ್ಲಿದ್ದ ಅಧ್ಯಕ್ಷರ ಆಫೀಸಿಗೇ ಹೋಗಿ, ಸಾರ್, ಹೋಗ್ಬಿಟ್ರು ಅಂದ.

“ಅಯ್ಯೋ! ಹೇಗ್ರೀ?”

“ಸ್ಟೇಜ್ ಮೇಲೇ ಸಾರ್. ಹೋಮ ಆದ್ಮೇಲೆ ಎದ್ದು ಹೋಗಿ ಹೆಣದ ಪಾತ್ರ ಮಾಡ್ತಿದ್ರು. ಪರದೆ ಬಿತ್ತು, ಎಲ್ಲಾ ಚಪ್ಪಾಳೆ ಹೊಡೆದ್ರು. ಅವ್ರು ಮಾತ್ರ ಏಳ್ಲಿಲ್ಲ.”

ಇಬ್ಬರೂ ಕರವಸ್ತ್ರ ತೆಗೆದರು. ಚಹಾ ತಂದಿಟ್ಟ ಆಫೀಸಿನ ಸಹಾಯಕಿ ವಂಬೂಯಿ ವಿಷಯ ತಿಳಿದು, “ಪೋಲೆ ಸಾನಾ” ಎಂದು ಮರುಗಿದಳು. ಸ್ವಾಹಿಲಿಯಲ್ಲಿ ಅದು ಸಂತಾಪದ ಮಾತು. ಅದೇ ಹೊತ್ತಿಗೆ ಯಾವುದೋ ಬಿಲ್ಲಿನ ಕೆಲಸಕ್ಕೆ ಬಂದಿದ್ದ ಗೋವಿಂದ ಭಟ್ಟರು ಅದನ್ನು ಪೋಲಿ ಎಂದು ಕೇಳಿಸಿಕೊಂಡು, “ಮೂರು ಮದುವೆ ಆದದ್ದು ಹೌದು, ಆದ್ರೂ ಸತ್ತವರನ್ನು ಹಾಗೆ ಹೇಳ್ಬಾರ್ದು,” ಎಂದು ಬೇಸರಪಟ್ಟರು.

ಶ್ರದ್ಧಾಂಜಲಿ ಸಭೆಗೆ ದಶಮಾನೋತ್ಸವಕ್ಕೆ ಹೆಸರು ಕೊಟ್ಟಿದ್ದವರಿಗಿಂತ ಹೆಚ್ಚು ಜನ ಸೇರಿದರು. ಸ್ಪ್ಯಾನರ್ ಇಲ್ಲದ ಮೀಸೆಯವನ ಫೋಟೋಗೆ ಕಟ್ಟು ಹಾಕಿಸಿ, ಗುಲಾಬಿ ಹಾರ ಹಾಕಿ, ಊದುಬತ್ತಿ ಹಚ್ಚಿದ್ದರು. ಮೌನಾಚರಣೆಯಾಯಿತು. ಆಮೇಲೆ ಒಬ್ಬೊಬ್ಬರೇ ಎದ್ದು ಬ್ರಾಡ್‌ವಿಕ್ ತಮ್ಮ ಬದುಕನ್ನು ಬದಲಿಸಿದ ಬಗೆಯನ್ನು ಹೇಳತೊಡಗಿದರು. ಭಾನುಮತಿ, ಮೇರಿಯ ಪಾತ್ರವನ್ನು ಅವರು ನನ್ನನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಂತಿತ್ತು ಎಂದು ಬಿಕ್ಕಿದರು. ಕೊನೆಗೆ ದ್ವಾರಕಾನಾಥರು ಎದ್ದರು.

“ಯಾರ್ಗೂ ಹೇಳಿರ್ಲಿಲ್ಲ, ಇವತ್ತು ಹೇಳ್ತೀನಿ. ಹೋದ ವರ್ಷ ಅವ್ರು ನಂಗೆ ಫೋನ್ ಮಾಡಿದ್ರು. ದ್ವಾರ್ಕಾ, ನಿನ್ನಂಥ ರಸಿಕ ಅಮೆರಿಕದಲ್ಲೂ ಇಲ್ಲ ಕಣಯ್ಯ, ಅಂದ್ರು.”

ಬದರೀನಾಥನಿಗೆ ಹೊಟ್ಟೆ ಉರಿಯಿತು. ನಾಚಿಕೆಯಲ್ಲ, ಪಶ್ಚಾತ್ತಾಪವಲ್ಲ, ಶುದ್ಧ ಹೊಟ್ಟೆಕಿಚ್ಚು. ತಾನು ಹೆತ್ತು ಸಾಕಿದವನು ತನಗೆ ಒಂದು ದಿನವಾದರೂ ಫೋನ್ ಮಾಡದೆ ಈ ಮನುಷ್ಯನಿಗೆ ಮಾಡುವುದೆಂದರೇನು? ಎದ್ದು ನಿಂತ.

“ಅಂಥವ್ರು ಯಾರೂ ಇಲ್ಲ. ಎಲ್ಲಾ ನಾಟ್ಕಾನೂ ನಾನೇ ಬರ್ದಿದ್ದು.”

ಮೊದಲು ಎಚ್ಚೆತ್ತವರು ಭಾನುಮತಿ. “ಥೂ, ದೇಹ ಇನ್ನೂ ಮಣ್ಣಿಗೆ ಹೋಗಿದ್ಯೋ ಇಲ್ವೋ, ಆಗ್ಲೇ ಅವ್ರ ನಾಟ್ಕ ಹೊಡ್ಕೊಳ್ಳೋಕೆ ನಿಂತ್ರಲ್ಲ ಬದ್ರಿ!”

“ದೇಹಾನೇ ಇಲ್ಲ ಮೇಡಂ! ನೀವೇ ಯೋಚ್ನೆ ಮಾಡಿ. ಪಾತ್ರ, ಪಾತ್ರೆ. ಈ ತಮಾಷೆ ಇಂಗ್ಲಿಷಲ್ಲಿ ಹೇಗಾಗುತ್ತೆ? ಅಮೆರಿಕದವನಿಗೆ ಇದು ಹೊಳೆಯೋದುಂಟಾ? ಜಾನ್ ಮನೇಲಿ ಉಪ್ಪಿಟ್ಟು ಯಾಕೆ ಮಾಡ್ತಾರೆ?”

ಸಭೆ ಯೋಚಿಸಿತು. ನಿಜವಾಗಿ ಯೋಚಿಸಿತು, ಏಕೆಂದರೆ ಅಲ್ಲಿದ್ದವರೆಲ್ಲ ಓದಿದವರು. ದ್ವಾರಕಾನಾಥರ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡಿತು. ಬದರೀನಾಥ ಒಂದು ಹೆಜ್ಜೆ ಮುಂದೆ ಬಂದ. ಬಂತು, ಆ ಮಾತು ಈಗ ಬಂತು!

“ಹೌದಲ್ರೀ!” ಎಂದು ಅಧ್ಯಕ್ಷರು ಮೇಜು ಗುದ್ದಿದರು. “ಇಂಗ್ಲಿಷಲ್ಲಿ ಇಲ್ದೇ ಇರೋದನ್ನ ಕನ್ನಡಕ್ಕೆ ತಂದ್ರಲ್ಲ, ಇದಪ್ಪಾ ಅನುವಾದ ಅಂದ್ರೆ! ಇಷ್ಟು ವರ್ಷ ನಾವು ಮೂಲದವ್ರನ್ನೇ ಹೊಗಳ್ಕೊಂಡು ಇವ್ರನ್ನ ಮರೆತ್ವಿ. ಬೇಜಾರಾಗಿ ಏನೇನೋ ಮಾತಾಡ್ತಿದ್ದಾರೆ ಪಾಪ.”

ಚಪ್ಪಾಳೆಯೋ ಚಪ್ಪಾಳೆ. ಮುಖ್ಯ ಅತಿಥಿಗೆಂದು ಮೊದಲೇ ತರಿಸಿಟ್ಟಿದ್ದ ಶಾಲನ್ನು ಬದರೀನಾಥನಿಗೆ ಹೊದಿಸಿದರು, ಅಮೆರಿಕನ್ ತಲೆಯ ಅಂದಾಜಿನಲ್ಲಿ ತಂದಿದ್ದ ಮೈಸೂರು ಪೇಟ ತೊಡಿಸಿದರು. ಪೇಟ ಕಣ್ಣಿನ ತನಕ ಇಳಿಯಿತು. ಅದರೊಳಗಿನಿಂದ ಅವನು ಇನ್ನೂ “ನಾನೇ, ನಾನೇ” ಎನ್ನುತ್ತಿದ್ದ. ವಿನಯ ನೋಡಿ, ವಿನಯ ಎಂದು ಯಾರೋ ಅಂದರು.

ಮನೆಯ ದಾರಿಯಲ್ಲಿ ಮೊಂಬಾಸಾ ರಸ್ತೆಯ ಮಟಾಟು ವ್ಯಾನುಗಳೆಲ್ಲ ಕಾರಿಗೆ ಅಡ್ಡ ನುಗ್ಗಿದರೂ ಬದರೀನಾಥ ಬಯ್ಯಲಿಲ್ಲ. ಪೇಟ ಹಿಂದಿನ ಸೀಟಿನಲ್ಲಿ ಉರುಳಾಡುತ್ತಿತ್ತು. ರುಕ್ಮಿಣಿ ಕಿಟಕಿಯಾಚೆ ನೋಡುತ್ತಿದ್ದಳು. ಮನೆಗೆ ಬಂದವಳೇ ಸೆರಗು ಸಿಕ್ಕಿಸಿ ಸಿಂಕಿನ ಮುಂದೆ ನಿಂತಳು. ಅವನು ಶಾಲು ಹೊದ್ದುಕೊಂಡೇ ಅಡುಗೆಮನೆಯ ಬಾಗಿಲಿಗೆ ಒರಗಿದ.

“ಒಬ್ರೂ ನಂಬ್ಲಿಲ್ಲ ರುಕ್ಕು.”

“ನಂಬೋದೇನು ಬಂತು? ನೀವೇ ಬರ್ದಿದ್ದು ಅಂತ ಮೊದಲ್ನೇ ದಿನಾನೇ ನಂಗೊತ್ತು.”

ಬದರೀನಾಥ ನೆಟ್ಟಗೆ ನಿಂತ. ಮರದ ವೇಷದ ದಿನದಿಂದ ಕಾದಿದ್ದ ಮಾತು ಬಂದೇ ಬಂದಿತ್ತು, ಆದರೆ ಅದರಲ್ಲಿ ಮೆಚ್ಚುಗೆಯಿರಲಿಲ್ಲ, ಸಿಟ್ಟಿತ್ತು.

“ಹೇಗೆ ಗೊತ್ತಾಯ್ತು?”

ರುಕ್ಮಿಣಿ ಬಗ್ಗಿ ಸಿಂಕಿನ ಕೆಳಗಿಂದ ತಳ ಕಪ್ಪಾದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಎಳೆದು ಕಟ್ಟೆಯ ಮೇಲೆ ಕುಕ್ಕಿದಳು. ನೈರೋಬಿಯ ಅಂಗಡಿಗಳಲ್ಲಿ ಸುಫುರಿಯಾ ಎಂದು ಮಾರುವ ಪಾತ್ರೆ. ಮದುವೆಯಾಗಿ ಈ ಊರಿಗೆ ಬಂದ ವರ್ಷ, ಗಂಡ ಯಾವುದೋ ಸಣ್ಣ ನಾಟಕಕ್ಕೆ ಓಡಾಡುತ್ತಿದ್ದಾಗ, ಕುಕ್ಕರ್ ಕೂಗುತ್ತಿದ್ದ ಅಡುಗೆಮನೆಯಿಂದ ನನಗೊಂದು ಪಾತ್ರ ಕೊಡಿ ಎಂದು ಕೇಳಿದವಳು ಅವಳೇ. ಅವನು ಬಿಯಾಶಾರಾ ಬೀದಿಗೆ ಓಡಿ ಇದನ್ನು ಹೊತ್ತು ತಂದಿದ್ದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಗುವಿನಲ್ಲಿ ಅವಳು ಕೇಳಿದ್ದು ಅಲ್ಲಿಗೇ ಮರೆತುಹೋಗಿತ್ತು.

“ನನ್ನ ಮಾತನ್ನ ಅಮೆರಿಕದೋನಿಗೆ ಕೊಟ್ರಿ,” ಎಂದಳು ರುಕ್ಮಿಣಿ. “ಪಾತ್ರಾನ ಭಾನುಮತಿಗೆ ಕೊಟ್ರಿ. ನಂಗೆ ಸುಫುರಿಯಾ. ಅದೂ ಸಾಲ್ದು ಅಂತ ಅವನನ್ನ ಅರ್ಥ ಮಾಡ್ಕೊಂಡೋಳು ಡೊರೊತಿ ಒಬ್ಳೇ ಅಂತ ಬೇರೆ ಬರ್ದಿದ್ದೀರಿ. ಐದು ವರ್ಷದಿಂದ ಕಾಯ್ತಿದ್ದೀನಿ, ಇವ್ರು ನಂಗಾದ್ರೂ ಬಂದು ಹೇಳ್ತಾರೇನೋ ಅಂತ. ಇವತ್ತು ಊರಿಗೆಲ್ಲ ಹೇಳಿದ್ರಿ. ನಂಗೆ ಹೇಳ್ಲಿಲ್ಲ.”

ತನ್ನ ಹೆಸರನ್ನು ಯಾರೂ ಹೇಳುತ್ತಿಲ್ಲವೆಂದು ಇಷ್ಟು ವರ್ಷ ಕೊರಗಿದವನು, ತಾನು ಯಾರ ಹೆಸರನ್ನು ಹೇಳಲಿಲ್ಲವೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಶಾಲು ತೆಗೆದು ಮಡಿಸಿದ. ಎಲ್ಲಿಡುವುದೆಂದು ತಿಳಿಯದೆ ಸುಫುರಿಯಾದೊಳಗೆ ಇಟ್ಟ. ಅವಳು ನಗಲಿಲ್ಲ. ಅವತ್ತು ಅವನಿಗೆ ತಲೆನೋವಿನ, ಹೊಗೆಯ ಕಾರಣಗಳು ಹೊಳೆಯಲಿಲ್ಲ.

ಕೂಟದವರು ಬ್ರಾಡ್‌ವಿಕ್ ಸ್ಮರಣಾರ್ಥ ‘ಮೇರಿಗೊಂದು ಪಾತ್ರ’ವನ್ನು ಮತ್ತೆ ಆಡಿಸಲು ಸಭೆ ಕರೆದರು. ಮೇರಿಯಾಗಿ ರುಕ್ಮಿಣಿ ಇರಲಿ ಎಂದು ಬದರೀನಾಥ ಸೂಚಿಸಿದ.

“ರುಕ್ಮಿಣಿಯವ್ರಾ? ಅವ್ರಿಗೆ ಆ್ಯಕ್ಟಿಂಗ್ ಎಲ್ಲಿ ಬರುತ್ತೆ?” ಎಂದರು ದ್ವಾರಕಾನಾಥರು. “ಅನುವಾದಕರು ಅದಕ್ಕೆಲ್ಲಾ ತಲೆ ಹಾಕ್ಬಾರ್ದು ಬದ್ರಿ. ಸೆಂಟಿಮೆಂಟ್ ಬೇಡ.”

ಬದರೀನಾಥ ತನ್ನ ಮಾತಿಗೆ ಈ ಊರಿನಲ್ಲಿ ಎಷ್ಟು ಬೆಲೆಯಿದೆಯೆಂದು ಕಂಡುಕೊಂಡವನು. ಕಣ್ಣು ತಗ್ಗಿಸಿ, ದನಿ ಇಳಿಸಿ, “ಬ್ರಾಡ್‌ವಿಕ್ ಅವ್ರ ಕೊನೇ ಆಸೆ ಸಾರ್,” ಎಂದ. “ಸಾಯೋಕೆ ಮುಂಚೆ ಹೇಳಿದ್ರು. ಮೇರಿ ಪಾತ್ರ ನಿನ್ನ ಹೆಂಡ್ತಿ ಮಾಡ್ಲಿ ಅಂತ.”

ಎಲ್ಲರೂ ಎದ್ದು ನಿಂತರು. ಭಾನುಮತಿ ಕಣ್ಣೊರೆಸಿಕೊಂಡು ತಮ್ಮ ಹಾಳೆಗಳನ್ನು ಹಿಂದಿನ ಸಾಲಿನಲ್ಲಿ ಕೂತಿದ್ದ ರುಕ್ಮಿಣಿಯ ಕೈಗಿತ್ತರು. ಸತ್ತವರು ಮೇಲಿಂದ ನೋಡುತ್ತಿರುತ್ತಾರೆ ಎಂದು ಗೋವಿಂದ ಭಟ್ಟರು ಹೇಳಿದರು.

ಪ್ರದರ್ಶನದ ದಿನ ಹಾರ ಹಾಕಿದ ಫೋಟೋ ವೇದಿಕೆಯ ಒಂದು ಬದಿಗೆ, ಹಾಳೆ ಹಿಡಿದ ಬದರೀನಾಥ ಇನ್ನೊಂದು ಬದಿಯ ಪರದೆಯ ಮರೆಗೆ. ಎರಡನೇ ದೃಶ್ಯ ಬಂತು. ಜಾನ್ ಪಾತ್ರೆ ಹೊತ್ತು ತಂದ. ಅದು ಬಾಡಿಗೆ ಸಾಮಾನಲ್ಲ, ಸೌತ್ ಸಿಯ ಅಡುಗೆಮನೆಯಿಂದ ಬಂದ, ತಳ ಕಪ್ಪಾದ ಸುಫುರಿಯಾ. ಜನ ನಗಲು ಸಿದ್ಧರಾಗಿ ಕೂತರು. ರುಕ್ಮಿಣಿ ಮಾತಾಡಲಿಲ್ಲ. ಪಾತ್ರೆಯ ಅಂಚಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಮರೆತಳೆಂದು ಗಾಬರಿಯಾಗಿ ಬದರೀನಾಥ ಪರದೆಯ ಸಂದಿನಿಂದ ಉಸುರಿದ, “ಪಾತ್ರೆ ಅಲ್ಲ ಜಾನ್, ಪಾತ್ರ.”

ಅವಳು ಜಾನ್‌ನ ಕಡೆ ನೋಡಲಿಲ್ಲ. ಪರದೆಯ ಕಡೆ ತಿರುಗಿದಳು.

“ಪಾತ್ರೆ ಅಲ್ಲ ರೀ,” ಎಂದಳು, “ಪಾತ್ರ.”

ಸಭೆ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ದ್ವಾರಕಾನಾಥರು, ಮೂಲದಲ್ಲಿ ‘ರೀ’ ಇಲ್ಲ ಎಂದು ಪಕ್ಕದವರಿಗೆ ಪಿಸುಗುಟ್ಟಿದರು. ಬದರೀನಾಥನ ಕಣ್ಣು ಮಂಜಾಗಿ ಮುಂದಿನ ಸಾಲು ಓದಲಾಗಲಿಲ್ಲ. ಅವಳಿಗೆ ಅದರ ಅಗತ್ಯವೂ ಇರಲಿಲ್ಲ.